ವಿಜ್ಞಾನ ಯಾರಿಗೆ?

ಚಿತ್ರದುರ್ಗ ಜಿಲ್ಲೆಯ ಪೂರ್ವದ ಅಂಚಿನಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆರಾಯನ ಕೃಪೆಗೆ ಅಷ್ಟಾಗಿ ಪಾತ್ರವಾಗದ ಸೀಮೆ. ಇಲ್ಲಿಯ ರೈತನು ಮುಗಿಲನ್ನು ನಂಬಿ ಶೇಂಗಾ ಬಿತ್ತುತ್ತಾನೆ. ಆ ಶೇಂಗಾದಿಂದಲೇ ಚಳ್ಳಕೆರೆಗೆ ಎಣ್ಣೆಯ ಊರೆಂಬ ಹೆಸರು ಬಂದಿತು. ಕುರಿಯ ಉಣ್ಣೆಯಿಂದ ನೇಯ್ದ ಕಂಬಳಿಗೂ ಈ ಊರು ಪ್ರಸಿದ್ಧ. ಮೊಳಕಾಲ್ಮೂರಿನ ನೇಕಾರರು ಗುಂಡಿಮಗ್ಗದಲ್ಲಿ ಕುಳಿತು ನೇಯುವ ರೇಷ್ಮೆ ಸೀರೆಯ ಕೀರ್ತಿ ನಾಡಿನ ಎಲ್ಲೆಯನ್ನೂ ದಾಟಿದೆ. ದುಡಿಮೆಯನ್ನೇ ನಂಬಿದ ಇಂತಹ ಸೀಮೆಯ ಆಕಾಶದಲ್ಲಿ ಇಂದು ಹೊಸ ಬಗೆಯ ಹಕ್ಕಿಗಳು ಹಾರುತ್ತಿವೆ.

ಚಳ್ಳಕೆರೆ ತಾಲ್ಲೂಕಿನ ವಿಶಾಲವಾದ ಅಮೃತಮಹಲ್ ಕಾವಲುಗಳಲ್ಲಿ ದೇಶದ ದೊಡ್ಡ ವಿಜ್ಞಾನ ಸಂಸ್ಥೆಗಳು ನೆಲೆಯೂರಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1500 ಎಕರೆ ದೊರೆತಿದ್ದು, ಅಲ್ಲಿ ಶಾಲಾ ಶಿಕ್ಷಕರಿಗೆ ವಿಜ್ಞಾನದ ತರಬೇತಿ ನಡೆಯುತ್ತದೆ. ರಕ್ಷಣಾ ಇಲಾಖೆಯ ವೈಮಾನಿಕ ಪರೀಕ್ಷಾ ಕೇಂದ್ರವು 2017ರಲ್ಲಿ ವಿಧ್ಯುಕ್ತವಾಗಿ ಆರಂಭವಾಯಿತು. 2023ರ ಏಪ್ರಿಲ್ 2ರ ಮುಂಜಾನೆ ಅಲ್ಲಿ ಒಂದು ವಿಶೇಷ ಪ್ರಯೋಗ ನಡೆಯಿತು. ರೆಕ್ಕೆಯುಳ್ಳ ಬಾಹ್ಯಾಕಾಶ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಚಾಲಕನಿಲ್ಲದ ಆ ವಾಹನ ತನ್ನ ದಾರಿಯನ್ನು ತಾನೇ ಲೆಕ್ಕಹಾಕಿಕೊಂಡು ಓಡುದಾರಿಯ ಮೇಲೆ ಇಳಿಯಿತು. ಮುಂದೆ 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ಇನ್ನೂ ಕಠಿಣವಾದ ಎರಡು ಪರೀಕ್ಷೆಗಳಲ್ಲಿ ಅದು ಗೆದ್ದಿತು. ಕೊನೆಯ ಸಲ ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಮಿಗಿಲಾಗಿತ್ತು.

ಈ ಓಡುದಾರಿಯಿಂದ ಕೆಲವೇ ಹರದಾರಿ ದೂರದ ಹಟ್ಟಿಗಳಲ್ಲಿ ಪ್ರತಿ ವರ್ಷವೂ ಒಂದು ಪ್ರಶ್ನೆ ಏಳುತ್ತದೆ. ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಮುಂದೆ ಏನು ಓದಬೇಕು? ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ದಾರಿಯು ಕಲೆ, ವಾಣಿಜ್ಯ, ವಿಜ್ಞಾನ ಎಂದು ಮೂರಾಗಿ ಕವಲೊಡೆಯುತ್ತದೆ. ಬಹುಮಂದಿ ಈ ಕವಲಿನಲ್ಲಿ ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಹೆಚ್ಚು ಅಂಕ ಬಂದವರು ವಿಚಾರಿಸದೆ ವಿಜ್ಞಾನಕ್ಕೆ ನುಗ್ಗುತ್ತಾರೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರು ವಿಚಾರಿಸದೆ ವಿಜ್ಞಾನದಿಂದ ಹಿಂಜರಿಯುತ್ತಾರೆ. ಒಂದು ಕುರಿಮಂದೆಯ ನಡಿಗೆ, ಮತ್ತೊಂದು ಅಂಜಿಕೆಯ ನಡಿಗೆ. ಎರಡರಲ್ಲಿಯೂ ವಿವೇಕವಿಲ್ಲ.

ಮೊದಲನೆಯ ತಪ್ಪಿನ ಮೂಲ ಪ್ರತಿಷ್ಠೆ. ನೆರೆಮನೆಯ ಹುಡುಗ ವೈದ್ಯನಾಗಲು ಹೊರಟನೆಂದರೆ ತಮ್ಮ ಮಗನೂ ಆಗಲೇಬೇಕೆಂದು ತಂದೆತಾಯಿಗಳು ಹಟ ಹಿಡಿಯುವುದುಂಟು. ಸಾಲ ಮಾಡಿ ದೂರದ ಊರಿನ ತರಬೇತಿ ಕೇಂದ್ರಕ್ಕೆ ಸೇರಿಸುವುದೂ ಉಂಟು. ಸಸ್ಯ, ಪ್ರಾಣಿ, ಯಂತ್ರ, ಅಂಕಿ ಯಾವುದರಲ್ಲಿಯೂ ಆಸಕ್ತಿಯಿಲ್ಲದ ಹುಡುಗನಿಗೆ ಆ ಎರಡು ವರ್ಷಗಳು ಸೆರೆಮನೆಯಾಗುತ್ತವೆ. ಲೆಕ್ಕಪತ್ರದಲ್ಲಿಯೋ ಸಾಹಿತ್ಯದಲ್ಲಿಯೋ ಬೆಳಗಬಹುದಾಗಿದ್ದ ಬುದ್ಧಿಯು ಅಲ್ಲಿ ಮಂಕಾಗುತ್ತದೆ. ಹೀಗಾಗಬಾರದು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಏಕೆಂದರೆ ಅದನ್ನು ತಿದ್ದಿಕೊಳ್ಳುವುದು ಕಷ್ಟ. ವಿಜ್ಞಾನ ಓದಿದವನು ಮುಂದೆ ಇತಿಹಾಸವನ್ನಾಗಲಿ ವಾಣಿಜ್ಯವನ್ನಾಗಲಿ ಕಾನೂನನ್ನಾಗಲಿ ಆರಿಸಿಕೊಳ್ಳಬಲ್ಲನು. ಪದವಿಪೂರ್ವದಲ್ಲಿ ವಿಜ್ಞಾನವನ್ನು ಬಿಟ್ಟವನಿಗೆ ಮರಳಿ ಆ ಮನೆಯೊಳಗೆ ಕಾಲಿಡುವುದು ಸಾಮಾನ್ಯವಾಗಿ ಸಾಧ್ಯವಾಗುವುದಿಲ್ಲ. ಆದುದರಿಂದ ಬೇಡವೆನ್ನುವ ಮುನ್ನ ಬೇಡವೆನ್ನಲು ಇರುವ ಕಾರಣ ನಿಜವಾದುದೇ ಎಂದು ಪರೀಕ್ಷಿಸಿ ನೋಡಬೇಕು.

ಹಳ್ಳಿಯ ವಿದ್ಯಾರ್ಥಿಗಳು ಕೊಡುವ ಮೊದಲ ಕಾರಣ ಇಂಗ್ಲಿಷ್. ಹತ್ತು ವರ್ಷ ಕನ್ನಡದಲ್ಲಿ ಕಲಿತ ವಿಷಯವು ಹನ್ನೊಂದನೆಯ ವರ್ಷ ಒಮ್ಮೆಲೇ ಇಂಗ್ಲಿಷಿಗೆ ತಿರುಗುವುದರಿಂದ ಆಗುವ ಕಷ್ಟ ಸಣ್ಣದಲ್ಲ. ಆದರೆ ಆ ಕಷ್ಟ ಪದಗಳದು, ತಿಳಿವಳಿಕೆಯದಲ್ಲ. ಎಲೆಯು ಬಿಸಿಲಿನಲ್ಲಿ ಆಹಾರ ತಯಾರಿಸುವ ಬಗೆಯನ್ನು ದ್ಯುತಿಸಂಶ್ಲೇಷಣೆಯೆಂಬ ಹೆಸರಿನಿಂದ ಚೆನ್ನಾಗಿ ಅರಿತವನಿಗೆ ಫೋಟೊಸಿಂಥೆಸಿಸ್ ಎಂಬುದು ಅದೇ ವಿಷಯದ ಮತ್ತೊಂದು ಹೆಸರು, ಅಷ್ಟೆ. ಅರ್ಥವನ್ನೇ ಅರಿಯದೆ ಇಂಗ್ಲಿಷ್ ಪದವನ್ನು ಉರುಹೊಡೆದವನಿಗಿಂತ ಅವನು ಮುಂದಿದ್ದಾನೆ. ಇಷ್ಟಕ್ಕೂ ಆಂಧ್ರದ ಗಡಿಗೆ ಹೊಂದಿಕೊಂಡ ಈ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಸಾವಿರಾರು. ಆರನೆಯ ವಯಸ್ಸಿನಲ್ಲಿ ಯಾರ ನೆರವೂ ಇಲ್ಲದೆ ಒಂದು ಭಾಷೆಯಿಂದ ಮತ್ತೊಂದಕ್ಕೆ ದಾಟಿದ ಮಗುವು ಹದಿನಾರನೆಯ ವಯಸ್ಸಿನಲ್ಲಿ ಏಕೆ ಅಂಜಬೇಕು? ಒಂಬತ್ತನೆಯ ತರಗತಿಯಿಂದಲೇ ಕನ್ನಡ ಪಾರಿಭಾಷಿಕ ಪದದ ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಬರೆದಿಟ್ಟುಕೊಂಡರೆ ಹೊಳೆಯ ಅರ್ಧ ದಾಟಿದಂತೆಯೇ. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕನ್ನಡ ಮಾಧ್ಯಮದವರಿಗೆ ಶೇಕಡ 5, ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇಕಡ 15 ಮೀಸಲಾತಿಯನ್ನು ರಾಜ್ಯವು ಕಲ್ಪಿಸಿದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಾಯಿತು. ಇದನ್ನು ಅನೇಕ ಮನೆಗಳವರು ಅರಿತಿಲ್ಲ.

ಎರಡನೆಯ ಕಾರಣ ಗಣಿತದ ಭಯ. ಗಣಿತವು ಜನ್ಮದತ್ತವಾದ ವರವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ನೇಕಾರನ ಮಗನು ಮೊದಲ ದಿನವೇ ಸೆರಗು ನೇಯುವನೇ? ಎಳೆ ಕಡಿದು, ಮತ್ತೆ ಗಂಟುಹಾಕಿ, ವರ್ಷಗಟ್ಟಲೆ ಕೈಪಳಗಿಸಿಕೊಂಡ ಮೇಲೆ ತಾನೆ ಬುಟ್ಟಾ ಮೂಡುವುದು! ಗಣಿತವೂ ಹಾಗೆಯೇ ದಿನದಿನದ ಸಾಧನೆಗೆ ಒಲಿಯುವ ವಿದ್ಯೆ. ಬೀಜಗಣಿತದ ಒಂದು ಹಂತವನ್ನು ಅರಿಯದೆ ಮುಂದಕ್ಕೆ ಹೋದವನಿಗೆ ಉಳಿದದ್ದೆಲ್ಲ ಕತ್ತಲೆಯಾಗಿ ಕಾಣುತ್ತದೆ. ಆ ಹಂತಕ್ಕೆ ಮರಳಿ ಹೋಗಿ ತಿಳಿದುಕೊಂಡು ಬರಲು ಒಂಬತ್ತನೆಯ ತರಗತಿಯಲ್ಲಿ ಇನ್ನೂ ಕಾಲವಿದೆ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವಿಜ್ಞಾನವೆಂಬುದು ನಗರದವರ ಸೊತ್ತು, ಹೊಲಮಗ್ಗಗಳ ಮಕ್ಕಳದಲ್ಲ ಎಂಬ ಕೀಳರಿಮೆಯೇ ಅದು. ಪ್ರಯೋಗಶಾಲೆಯುಳ್ಳ ಕಾಲೇಜು ದೂರದ ಪಟ್ಟಣದಲ್ಲಿದ್ದರೆ ಹೆಣ್ಣುಮಕ್ಕಳ ಪಾಲಿಗೆ ಈ ಮಾತು ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ವಿಜ್ಞಾನವು ಈ ಮಕ್ಕಳ ಅಂಗಳದಲ್ಲಿಯೇ ಬಿದ್ದಿದೆ. ಶೇಂಗಾ ಗಿಡದ ಹೂವು ನೆಲದ ಮೇಲೆ ಅರಳುತ್ತದೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂತಹ ಎಳೆಯೊಂದು ಹೊರಟು ಮಣ್ಣಿಗಿಳಿದು ಕತ್ತಲೆಯಲ್ಲಿ ಕಾಯಿಕಟ್ಟುತ್ತದೆ. ಆ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಮ್ಮನ್ನು ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರುವುದರಿಂದಲೇ ರೈತರು ಜಿಪ್ಸಂ ಹಾಕುತ್ತಾರೆ. ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸುವ ಬ್ಯಾಕ್ಟೀರಿಯಗಳಿವೆ. ಮಗ್ಗದ ಮೇಲಿನ ಜಕಾರ್ಡಿನ ತೂತುರಟ್ಟುಗಳ ಕಥೆಯೂ ಇಂತಹುದೇ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರೂಪಿಸಿದ ಆ ಉಪಾಯವನ್ನೇ ಮುಂದೆ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದನು. ನೇಕಾರನ ಮನೆಯ ಮಗುವು ಗಣಕದ ಹಿರಿಯಜ್ಜನನ್ನು ದಿನವೂ ನೋಡುತ್ತಿದೆಯೆಂದರೆ ತಪ್ಪಾಗದು.

ಹಳ್ಳಿಯಿಂದ ಹೊರಟವರು ಎಷ್ಟು ಎತ್ತರಕ್ಕೆ ಏರಬಲ್ಲರೆಂಬುದಕ್ಕೆ ಯು. ಆರ್. ರಾವ್ ಅವರೇ ಸಾಕ್ಷಿ. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಅವರು ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯಲ್ಲಿ, ಪದವಿ ಪಡೆದದ್ದು ಅನಂತಪುರದಲ್ಲಿ. ಎರಡೂ ಊರುಗಳು ಮೊಳಕಾಲ್ಮೂರಿನ ನೆರೆಯ ಜಿಲ್ಲೆಗಳವು. ಇದೇ ಬಿಸಿಲು, ಇದೇ ಬಯಲು. ಅಲ್ಲಿಂದ ಮುಂದೆ ನಡೆದ ಆ ವಿದ್ಯಾರ್ಥಿಯ ಮುಂದಾಳುತನದಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವು ಸಿದ್ಧವಾಗಿ, 1975ರ ಏಪ್ರಿಲ್ 19ರಂದು ಕಕ್ಷೆಗೆ ಸೇರಿತು.

ಹಾಗೆಂದು ಉಳಿದ ವಿದ್ಯೆಗಳು ಕೀಳೆಂದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದನ್ನು ಬರೆದ ಚಪಡನು ತಾನು ಲಿಪಿಕಾರನೆಂಬ ಒಂದು ಮಾತನ್ನು ಮಾತ್ರ ದೂರದ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಲಿಪಿಗಳನ್ನು ಓದಬಲ್ಲ ಪಂಡಿತರಿಲ್ಲದಿದ್ದರೆ ಈ ಸ್ವಾರಸ್ಯವನ್ನು ಯಾರು ತಿಳಿಸುತ್ತಿದ್ದರು? 1947ರಲ್ಲಿ ವ್ಹೀಲರ್ ಅಲ್ಲಿ ಉತ್ಖನನ ನಡೆಸಿ, ಮಣ್ಣಿನ ಪದರಪದರವನ್ನೂ ಬಿಡಿಸಿ ಪ್ರಾಚೀನ ಜನಜೀವನದ ಕಾಲಕ್ರಮವನ್ನು ಗುರುತಿಸಿದರು. ಇತಿಹಾಸವನ್ನು ಆರಿಸಿಕೊಂಡವನಿಗೂ ವಿಜ್ಞಾನದ ದೃಷ್ಟಿ ಬೇಕೇ ಬೇಕು ಎಂಬುದಕ್ಕೆ ಈ ಗುಡ್ಡವೇ ಪಾಠ. ಒಲವಿನಿಂದ ಕಲೆಯನ್ನೋ ವಾಣಿಜ್ಯವನ್ನೋ ಆರಿಸಿಕೊಂಡವನು ಸೋತವನಲ್ಲ. ಅಂಜಿ ಆರಿಸಿಕೊಂಡವನು ಮಾತ್ರ ಮತ್ತೊಮ್ಮೆ ಯೋಚಿಸಬೇಕು.

ಈ ಸೀಮೆಯ ಮಕ್ಕಳು ಯೋಚಿಸಲು ಮತ್ತೊಂದು ಕಾರಣವೂ ಇದೆ. ವಿಜ್ಞಾನ ಸಂಸ್ಥೆಗಳು ಬಂದ ಕಾವಲುಗಳು ಬರಿಯ ಬಂಜರಾಗಿರಲಿಲ್ಲ. ಸುತ್ತಲಿನ ಹಳ್ಳಿಗಳ ದನಕುರಿಗಳು ಮೇಯುತ್ತಿದ್ದ ಹುಲ್ಲುಗಾವಲುಗಳು ಅವು. ಬೇಲಿಗಳು ಎದ್ದಾಗ ಕುರಿಗಾಹಿಗಳು ಅಳಲಿದರು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಈ ವಿಷಯದ ವಿಚಾರಣೆ ನಡೆಯಿತು. ದೇಶದ ವಿಜ್ಞಾನಕ್ಕಾಗಿ ಈ ಸೀಮೆಯು ತನ್ನ ಹುಲ್ಲನ್ನು ತೆತ್ತಿದೆ. ಹುಲ್ಲು ತೆತ್ತವರ ಮಕ್ಕಳು ಆ ಗೇಟಿನಲ್ಲಿ ಕಾವಲುಗಾರರಾಗಿಯೋ ತೋಟದ ಆಳುಗಳಾಗಿಯೋ ಮಾತ್ರ ನಿಲ್ಲುವುದಾದರೆ ಅದು ನ್ಯಾಯವೇ? ಆ ಕೆಲಸಗಳು ಹೀನವಲ್ಲ. ಆದರೆ ಒಳಗೆ ಪ್ರಯೋಗ ನಡೆಸುವವರ ಸಾಲಿನಲ್ಲಿಯೂ ಹಟ್ಟಿಯಿಂದ ಬಂದವರು ಇರಬೇಕು. ಹುಲ್ಲುಗಾವಲಿನ ಬೆಲೆ ಅರಿತ ವಿಜ್ಞಾನಿಯೊಬ್ಬನು ಒಳಗಿದ್ದರೆ ಮುಂದಿನ ಬೇಲಿ ಹಾಕುವ ಮುನ್ನ ಕುರಿಗಾಹಿಯ ಮಾತೂ ಆ ಸಭೆಗೆ ತಲಪೀತು.

ವಿಜ್ಞಾನವೆಂದರೆ ವೈದ್ಯ ಮತ್ತು ಎಂಜಿನಿಯರು ಎಂಬ ಎರಡೇ ಹುದ್ದೆಗಳಲ್ಲ. ಕೃಷಿ, ಪಶುವೈದ್ಯ, ಶುಶ್ರೂಷೆ, ಔಷಧಶಾಸ್ತ್ರ, ಅಂತರ್ಜಲದ ಅಧ್ಯಯನ, ಪ್ರೌಢಶಾಲೆಯ ಬೋಧನೆ ಎಲ್ಲವೂ ಅದೇ ಮರದ ಕೊಂಬೆಗಳು. ಬರದ ನಾಡಿಗೆ ಇವೆಲ್ಲವುಗಳ ಅಗತ್ಯ ಬಹಳವಾಗಿದೆ.

ಆಯ್ಕೆಯ ದಿನ ಹತ್ತನೆಯ ತರಗತಿಯ ಫಲಿತಾಂಶದ ದಿನವಲ್ಲ. ಅದು ಒಂಬತ್ತನೆಯ ತರಗತಿಯಲ್ಲಿಯೇ ಸದ್ದಿಲ್ಲದೆ ಆರಂಭವಾಗಿರುತ್ತದೆ. ಹೀಗೇಕೆ ಎಂದು ಕೇಳುವ ಮನಸ್ಸಿದೆಯೇ, ಉತ್ತರ ಸಿಗುವವರೆಗೆ ಕಾಯುವ ತಾಳ್ಮೆಯಿದೆಯೇ, ದಿನಕ್ಕೆ ನಾಲ್ಕು ಲೆಕ್ಕ ಬಿಡಿಸುವ ಶ್ರದ್ಧೆಯಿದೆಯೇ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನನ್ನೇ ಕೇಳಿಕೊಳ್ಳಬೇಕು. ಇವು ಇದ್ದವನಿಗೆ ಇಂಗ್ಲಿಷಾಗಲಿ ಬಡತನವಾಗಲಿ ಹಳ್ಳಿಯಾಗಲಿ ದಾಟಲಾರದ ಗೋಡೆಯಲ್ಲ. ವಿಜ್ಞಾನ ಯಾರಿಗೆಂದರೆ, ಕೇಳುವವರಿಗೆ ಮತ್ತು ದುಡಿಯುವವರಿಗೆ. ಚಳ್ಳಕೆರೆ ಮೊಳಕಾಲ್ಮೂರುಗಳ ಜನ ದುಡಿಮೆಯಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಕೇಳುವ ಧೈರ್ಯವನ್ನು ಅವರ ಮಕ್ಕಳು ಬೆಳೆಸಿಕೊಂಡರೆ ಸಾಕು.