ದಾಯಾದಿ ಆಟಗಳು

ಒಂದೇ ಮನೆತನದಲ್ಲಿ ಹುಟ್ಟಿ ಬೇರೆ ಬೇರೆ ಊರುಗಳಲ್ಲಿ ನೆಲೆಸಿದ ದಾಯಾದಿಗಳು ಎದುರಾದಾಗ, ಮುಖದ ಹೋಲಿಕೆಯನ್ನು ಕಾಣುವುದಕ್ಕೆ ಮೊದಲು ನಡೆನುಡಿಯ ಭೇದವನ್ನೇ ಎಣಿಸತೊಡಗುತ್ತಾರೆ. ಬೇಸ್‌ಬಾಲ್ ಮತ್ತು ಕ್ರಿಕೆಟ್ ಆಟಗಳ ಅಭಿಮಾನಿಗಳ ಸ್ಥಿತಿಯೂ ಇಂಥದೇ. ಕ್ರಿಕೆಟ್ ಪ್ರಿಯರಲ್ಲಿ ಹಲವರಿಗೆ ಬೇಸ್‌ಬಾಲ್ ಎಂದರೆ ಕಣ್ಣು ಮುಚ್ಚಿ ದಾಂಡು ಬೀಸುವ ಒರಟಾಟ. ಬೇಸ್‌ಬಾಲ್ ಪ್ರಿಯರಲ್ಲಿ ಹಲವರಿಗೆ ಕ್ರಿಕೆಟ್ ಎಂದರೆ ಐದು ದಿನ ಆಡಿದರೂ ಗೆದ್ದವರು ಯಾರೆಂದು ತಿಳಿಯದ ತೂಕಡಿಕೆಯ ಆಟ. ಬೇಸ್‌ಬಾಲನ್ನು ಮೆಚ್ಚಿ ನೋಡುವವನಾದರೂ ನಾನು ಈ ಎರಡು ತೀರ್ಪುಗಳನ್ನೂ ಒಪ್ಪಲಾರೆ. ಒಂದು ಆಟದ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವವನು ಎರಡನ್ನೂ ಸರಿಯಾಗಿ ಅರಿತವನಲ್ಲ.

ಇವೆರಡರ ತವರು ಇಂಗ್ಲೆಂಡ್. ಇಂದು ನಮಗೆ ತಿಳಿದಿರುವಂತೆ ಕ್ರಿಕೆಟ್ಟಿನ ಅತ್ಯಂತ ಹಳೆಯ ಲಿಖಿತ ನಿಯಮಾವಳಿ 1744ರದು. ಅದೇ ವರ್ಷ ಲಂಡನ್ನಿನ ಜಾನ್ ನ್ಯೂಬೆರಿ ಎಂಬ ಪ್ರಕಾಶಕನು ಹೊರತಂದ ಮಕ್ಕಳ ಪುಸ್ತಕವೊಂದರಲ್ಲಿ ಬೇಸ್‌ಬಾಲ್ ಎಂಬ ಹೆಸರೂ ಆ ಆಟದ ಚಿತ್ರವೂ ಕಾಣಸಿಗುತ್ತವೆ. ವಲಸೆಗಾರರೊಡನೆ ಎರಡು ಆಟಗಳೂ ಅಟ್ಲಾಂಟಿಕ್ ಸಾಗರವನ್ನು ದಾಟಿದವು. ಕ್ರಿಕೆಟ್ಟಿನ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆದದ್ದು ಇಂಗ್ಲೆಂಡಿನಲ್ಲಲ್ಲ. 1844ರಲ್ಲಿ ನ್ಯೂಯಾರ್ಕ್ ನಗರದಲ್ಲಿ, ಅಮೆರಿಕ ಮತ್ತು ಕೆನಡಾ ತಂಡಗಳ ನಡುವೆ. ಮರುವರ್ಷವೇ ಅದೇ ನಗರದ ನಿಕರ್‌ಬಾಕರ್ ಸಂಘದವರು ಬೇಸ್‌ಬಾಲಿನ ನಿಯಮಗಳನ್ನು ಬರೆದಿಟ್ಟರು.

ಆದರೆ ಅಭಿಮಾನವು ಹಲವೊಮ್ಮೆ ಸತ್ಯದ ಕಣ್ಣಿಗೆ ಬಟ್ಟೆ ಕಟ್ಟುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಹೆನ್ರಿ ಚಾಡ್ವಿಕ್ ಎಂಬ ಪತ್ರಕರ್ತನು ಎರಡು ಆಟಗಳನ್ನೂ ಬಲ್ಲವನಾಗಿದ್ದನು. ಬೇಸ್‌ಬಾಲ್ ಇಂಗ್ಲೆಂಡಿನ ರೌಂಡರ್ಸ್ ಎಂಬ ಆಟದಿಂದ ಬಂದುದೆಂದು ಅವನು ವಾದಿಸಿದನು. ಕ್ರೀಡಾಸಾಮಗ್ರಿಗಳ ವರ್ತಕನಾದ ಆಲ್ಬರ್ಟ್ ಸ್ಪಾಲ್ಡಿಂಗನಿಗೆ ಇದು ಸಹನೆಯಾಗಲಿಲ್ಲ. ಅವನ ಒತ್ತಾಸೆಯಿಂದ 1905ರಲ್ಲಿ ಒಂದು ಆಯೋಗ ರಚನೆಯಾಯಿತು. 1839ರಲ್ಲಿ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಆಬ್ನರ್ ಡಬಲ್‌ಡೇ ಎಂಬಾತನು ಈ ಆಟವನ್ನು ಸೃಷ್ಟಿಸಿದನೆಂದು ಆಯೋಗವು ಸಾರಿತು. ಆದರೆ ಆ ವರ್ಷ ಡಬಲ್‌ಡೇ ವೆಸ್ಟ್ ಪಾಯಿಂಟಿನ ಸೈನಿಕ ವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದನು! ಇತಿಹಾಸಕಾರರು ಈ ಕಥೆಯನ್ನು ಎಂದೋ ತಳ್ಳಿಹಾಕಿದ್ದಾರೆ. ದಾಯಾದಿಯ ನಂಟನ್ನು ಅಲ್ಲಗಳೆಯಲು ಇಲ್ಲದ ಮೂಲಪುರುಷನನ್ನು ಕಲ್ಪಿಸಬೇಕಾಯಿತಲ್ಲ, ಇದಕ್ಕಿಂತ ಸೋಜಿಗ ಬೇರೆ ಯಾವುದಿದೆ?

ನಂಟಿದ್ದರೂ ಇವುಗಳ ಸ್ವಭಾವ ಒಂದೇ ಅಲ್ಲ. ಕ್ರಿಕೆಟ್ ದಾಂಡಿಗನು ಚೆಂಡನ್ನು ಮೈದಾನದ ಯಾವ ದಿಕ್ಕಿಗಾದರೂ ಹೊಡೆಯಬಹುದು. ಹೊಡೆದು ಓಡದೆಯೂ ನಿಲ್ಲಬಹುದು. ಆದರೆ ಒಮ್ಮೆ ಔಟಾದನೆಂದರೆ ಆ ಇನಿಂಗ್ಸಿನಲ್ಲಿ ಅವನಿಗೆ ಮತ್ತೆ ಅವಕಾಶವಿಲ್ಲ. ಬೇಸ್‌ಬಾಲಿನ ದಾಂಡಿಗನಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ಎರಡು ಗೆರೆಗಳ ನಡುವಿನ ಕ್ಷೇತ್ರದೊಳಗೇ ಅವನು ಹೊಡೆಯಬೇಕು, ಹೊಡೆದೊಡನೆ ಓಡಲೇಬೇಕು. ಆದರೆ ಸೋತು ಹಿಂದಿರುಗಿದವನಿಗೆ ಅದೇ ಪಂದ್ಯದಲ್ಲಿ ಸಾಮಾನ್ಯವಾಗಿ ನಾಲ್ಕೈದು ಬಾರಿ ಸರದಿ ಬರುತ್ತದೆ. ಹೀಗೆ ಕ್ರಿಕೆಟ್ಟಿನಲ್ಲಿ ಸ್ವಾತಂತ್ರ್ಯ ಹೆಚ್ಚು, ಕ್ಷಮೆ ಕಡಿಮೆ. ಬೇಸ್‌ಬಾಲಿನಲ್ಲಿ ಕ್ಷಮೆ ಹೆಚ್ಚು, ಸ್ವಾತಂತ್ರ್ಯ ಕಡಿಮೆ.

ಈ ಭೇದವನ್ನು ಎರಡು ಅಂಕಿಗಳು ಬಿಡಿಸಿ ಹೇಳುತ್ತವೆ. 1941ರ ಋತುವಿನಲ್ಲಿ ಟೆಡ್ ವಿಲಿಯಮ್ಸನ ಸರಾಸರಿ .406. ಎಂದರೆ ಲೆಕ್ಕಕ್ಕೆ ಬರುವ ಪ್ರತಿ ಹತ್ತು ಸರದಿಗಳಲ್ಲಿ ಅವನು ಸಫಲನಾದದ್ದು ಸುಮಾರು ನಾಲ್ಕರಲ್ಲಿ ಮಾತ್ರ. ಹತ್ತರಲ್ಲಿ ಆರು ಬಾರಿ ಸೋತವನನ್ನು ಬೇಸ್‌ಬಾಲ್ ಲೋಕವು ಮಹಾನ್ ದಾಂಡಿಗನೆಂದು ಕೊಂಡಾಡುತ್ತದೆ. ಇನ್ನೊಂದೆಡೆ, 1948ರಲ್ಲಿ ಡಾನ್ ಬ್ರಾಡ್ಮನ್ ತನ್ನ ಕೊನೆಯ ಟೆಸ್ಟ್ ಇನಿಂಗ್ಸಿಗೆ ಓವಲ್ ಮೈದಾನಕ್ಕೆ ಇಳಿದಾಗ, ನೂರರ ಸರಾಸರಿಗೆ ನಾಲ್ಕೇ ಓಟಗಳು ಬೇಕಾಗಿದ್ದವು. ಎರಡನೆಯ ಎಸೆತಕ್ಕೇ ಅವನು ಸೊನ್ನೆಗೆ ಔಟಾದನು, ಸರಾಸರಿ 99.94ರಲ್ಲಿ ನಿಂತಿತು. ಕ್ರಿಕೆಟ್ ತನ್ನ ಚಕ್ರವರ್ತಿಗೂ ಮತ್ತೊಂದು ಅವಕಾಶ ಕೊಡಲಿಲ್ಲ.

ಯಾವುದು ಮೇಲು? ಈ ಪ್ರಶ್ನೆಯೇ ಸಲ್ಲದು. ಕೈಗೆ ಬಂದ ಅವಕಾಶವನ್ನು ಜೋಪಾನ ಮಾಡಬೇಕೆಂಬ ಪಾಠವೂ ಬಾಳಿಗೆ ಬೇಕು; ಸೋತವನು ಮತ್ತೆ ದಾಂಡು ಹಿಡಿದು ನಿಲ್ಲಬೇಕೆಂಬ ಪಾಠವೂ ಬೇಕು. ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗೆ ಮೊದಲನೆಯದು ಎಷ್ಟು ಅಗತ್ಯವೋ, ಅದರಲ್ಲಿ ಅನುತ್ತೀರ್ಣನಾದವನಿಗೆ ಎರಡನೆಯದು ಅಷ್ಟೇ ಅಗತ್ಯ.

ಒಂದರ ವಿದ್ಯೆ ಇನ್ನೊಂದಕ್ಕೆ ಬೆಳಕಾದುದೂ ಉಂಟು. ಫಿಲಡೆಲ್ಫಿಯದ ಬಾರ್ಟ್ ಕಿಂಗ್ ಎಳೆಯ ವಯಸ್ಸಿನಲ್ಲಿ ಬೇಸ್‌ಬಾಲ್ ಆಡುತ್ತಿದ್ದನು. ಗಾಳಿಯಲ್ಲಿ ಚೆಂಡನ್ನು ಬಾಗಿಸುವ ಆ ಕಲೆಯನ್ನು ಅವನು ಕ್ರಿಕೆಟ್ಟಿಗೆ ತಂದನು. 1908ರಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ಬೌಲಿಂಗ್ ಸರಾಸರಿಯ ಪಟ್ಟಿಯಲ್ಲಿ ಅಗ್ರಸ್ಥಾನವನ್ನು ಗಳಿಸಿದನು. ದಾಯಾದಿಯ ಮನೆಯ ವಿದ್ಯೆಯೆಂದು ಅವನು ಅದನ್ನು ಹೊರಗಿಟ್ಟಿದ್ದರೆ ಕ್ರಿಕೆಟ್ಟಿಗೇ ನಷ್ಟವಾಗುತ್ತಿತ್ತು.

2028ರ ಲಾಸ್ ಏಂಜಲಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಎರಡು ಆಟಗಳಿಗೂ ಸ್ಥಾನ ದೊರೆತಿದೆ. ನಮ್ಮ ನಾಡಿನಲ್ಲಿ ಕ್ರಿಕೆಟ್ಟನ್ನು ಬಲ್ಲವರಿಗೆ ಕೊರತೆಯಿಲ್ಲ. ಅವರು ಬೇಸ್‌ಬಾಲ್ ಪಂದ್ಯವೊಂದನ್ನು ನಗದೆ, ಅವಸರಪಡದೆ ನೋಡಲಿ. ನೆರೆಮನೆಯ ದೀಪ ಹಚ್ಚಿದರೆ ನಮ್ಮ ಅಂಗಳಕ್ಕೂ ಬೆಳಕು ಬೀಳುತ್ತದೆ.