ಕಲಾವಿದನ ಮೌನ

ಕಲಾವಿದನೊಬ್ಬನು ಮಾತು ನಿಲ್ಲಿಸಿದನೆಂದರೆ, ಅವನು ಕೊನೆಯ ಬಾರಿ ಆಡಿದ ಮಾತಿಗೆ ಎಲ್ಲಿಲ್ಲದ ತೂಕ ಬರುತ್ತದೆ. ಇಂಗ್ಲೆಂಡಿನ ಗಿಟಾರ್ ವಾದಕ ಸಿಡ್ ಬ್ಯಾರೆಟ್ಟನ ವಿಷಯದಲ್ಲಿ ನಡೆದದ್ದು ಇದೇ.

'ಪಿಂಕ್ ಫ್ಲಾಯ್ಡ್' ಎಂಬ ರಾಕ್ ವೃಂದದ ಮೊದಲ ಧ್ವನಿಮುದ್ರಿಕೆ 1967ರಲ್ಲಿ ಹೊರಬಂದಿತು. ಅದರ ಬಹುಪಾಲು ಹಾಡುಗಳು ಬ್ಯಾರೆಟ್ಟನವು. ಮನಸ್ಸಿನ ಸ್ಥಿಮಿತ ತಪ್ಪಿ 1968ರಲ್ಲಿ ಆತ ವೃಂದದಿಂದ ದೂರವಾದನು. 1970ರಲ್ಲಿ ತನ್ನದೇ ಹೆಸರಿನಲ್ಲಿ ಎರಡು ಧ್ವನಿಮುದ್ರಿಕೆಗಳನ್ನು ಕೊಟ್ಟನು. 1971ರಲ್ಲಿ ಛಾಯಾಗ್ರಾಹಕ ಮಿಕ್ ರಾಕ್, ಕೇಂಬ್ರಿಜ್ಜಿನಲ್ಲಿದ್ದ ತಾಯಿಯ ಮನೆಯಲ್ಲಿ ಆತನನ್ನು 'ರೋಲಿಂಗ್ ಸ್ಟೋನ್' ಪತ್ರಿಕೆಗಾಗಿ ಸಂದರ್ಶಿಸಿದನು. ಆಮೇಲೆ 2006ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು 35 ವರ್ಷ, ಬ್ಯಾರೆಟ್ ಅಂಥ ಸಂದರ್ಶನಕ್ಕೆ ಒಪ್ಪಲಿಲ್ಲ.

ಅಭಿಮಾನಿಗಳು ಆ ಸಂದರ್ಶನವನ್ನು ಶಾಸನವನ್ನು ಓದುವಂತೆ ಓದಿದರು, ಇಂದಿಗೂ ಓದುತ್ತಿದ್ದಾರೆ. ಆತನಿಗೆ ಬುದ್ಧಿಭ್ರಮಣೆಯಾಗಿತ್ತೋ, ಮತ್ತೆ ಹಾಡುವ ಆಸೆಯಿತ್ತೋ ಎಂದು ಒಂದೊಂದು ವಾಕ್ಯಕ್ಕೂ ವ್ಯಾಖ್ಯಾನ ನಡೆದಿದೆ. ಈ ಪ್ರೀತಿಯನ್ನು ಹಗುರವಾಗಿ ಕಾಣಲಾಗದು. ಆ ಹಾಡುಗಳು ಮರೆವಿಗೆ ಸಲ್ಲದಂತೆ ಕಾಪಾಡಿದವರೂ ಇವರೇ. ಆದರೆ ಪ್ರೀತಿಗೂ ಒಂದು ಮೇರೆಯುಂಟು. 1975ರಲ್ಲಿ ಹಳೆಯ ಒಡನಾಡಿಗಳು ಬ್ಯಾರೆಟ್ಟನನ್ನೇ ನೆನೆದು ಕಟ್ಟಿದ ಹಾಡನ್ನು ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಅಣಿಗೊಳಿಸುತ್ತಿದ್ದಾಗ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ಸ್ಥೂಲಕಾಯನೊಬ್ಬನು ಒಳಗೆ ಬಂದನು. ಅವನೇ ಬ್ಯಾರೆಟ್ ಎಂದು ಗುರುತು ಹತ್ತಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಜೊತೆಯಲ್ಲಿ ನುಡಿಸಿದವರಿಗೆ ಕಣ್ಣೆದುರಿನಲ್ಲಿಯೇ ಸಿಗದ ಗುರುತು, ಅಚ್ಚಾದ ಒಂದು ಸಂದರ್ಶನದಲ್ಲಿ ಅಪರಿಚಿತರಿಗೆ ಸಿಕ್ಕೀತೇ?

ಮುಂದೆ ಆತ ಕೇಂಬ್ರಿಜ್ಜಿನಲ್ಲಿ ರಾಜರ್ ಎಂಬ ತನ್ನ ಹುಟ್ಟುಹೆಸರಿನಿಂದಲೇ ಬಾಳಿದನು. ತೋಟ ನೋಡಿಕೊಂಡನು, ಚಿತ್ರ ಬರೆದನು. ಬಾಗಿಲು ತಟ್ಟಿದವರು ಕೇಳಿದ್ದು ಸಿಡ್‌ನನ್ನು, ಒಳಗಿದ್ದವನು ರಾಜರ್.

ಕೃತಿಯನ್ನು ಸವಿಯಬಲ್ಲವನನ್ನು ನಮ್ಮ ಕಾವ್ಯಮೀಮಾಂಸೆ ಸಹೃದಯನೆಂದು ಕರೆಯಿತು. ಕವಿಯ ಹೃದಯಕ್ಕೆ ಸಮನಾದ ಹೃದಯ ಅವನಿಗಿರಬೇಕೆಂದಿತೇ ಹೊರತು, ಕವಿಯ ಮನೆಯ ಬೀಗದ ಕೈ ಅವನ ಬಳಿಯಿರಬೇಕೆನ್ನಲಿಲ್ಲ. ಕಲಾವಿದ ತಾನಾಗಿ ಹೇಳಿದ್ದನ್ನು ಕೃತಜ್ಞತೆಯಿಂದ ಕೇಳೋಣ. ಹೇಳದೆ ಉಳಿಸಿಕೊಂಡದ್ದನ್ನು ಅವನಿಗೇ ಬಿಡೋಣ. ಸಂದರ್ಶನವನ್ನು ಹತ್ತು ಸಲ ಓದಿದವರು ಹಾಡನ್ನು ಹನ್ನೊಂದನೆಯ ಸಲ ಕೇಳಲಿ. ಕವಿತೆಗಿಂತ ಮೊದಲು ಕವಿಚರಿತೆಯನ್ನು ಹುಡುಕುವ ತರಗತಿಗಳಲ್ಲಿಯೂ ಈ ವಿವೇಕ ಬೇಕು.