ಯುವಕರನ್ನು ಕರೆಯುವ ಮುನ್ನ ಮಠಗಳು ಲೆಕ್ಕದ ಪುಸ್ತಕ ತೆರೆಯಲಿ



ಈಚಿನ ವರ್ಷಗಳಲ್ಲಿ ನಮ್ಮ ಮಠಗಳ ಆಮಂತ್ರಣ ಪತ್ರಿಕೆಗಳಲ್ಲಿ ‘ಯುವ ಗೋಷ್ಠಿ’, ‘ಯುವ ಸಮಾವೇಶ’ ಎಂಬ ಮಾತು ತಪ್ಪದೆ ಇರುತ್ತದೆ. ಸಂತೋಷ. ಆದರೆ ಆ ಗೋಷ್ಠಿ ನಡೆಯುವ ಬಗೆ ನೋಡಿ. ವೇದಿಕೆಯ ಮೇಲೆ ಪೂಜ್ಯರು, ಶಾಸಕರು, ದಾನಿಗಳು. ಕುರ್ಚಿ ಹಾಕುವುದು, ಪ್ರಸಾದ ಬಡಿಸುವುದು, ವಾಹನ ನಿಲ್ಲಿಸುವುದು ಯುವಕರ ಪಾಲು. ಯುವಕರ ಪರವಾಗಿ ಭಾಷಣ ಮಾಡುವವರಿಗೂ ಅರವತ್ತು ದಾಟಿರುತ್ತದೆ. ಊರಿನ ಕೆರೆ, ಬಾಲ್ಯವಿವಾಹ, ಗಣಿ ದೂಳು ಇವುಗಳ ಬಗ್ಗೆ ಕೇಳಬೇಕೆಂದು ಬಂದ ಹುಡುಗಿಯ ಕೈಗೆ ಮೈಕು ಬರುವ ಹೊತ್ತಿಗೆ ವಂದನಾರ್ಪಣೆ ಮುಗಿದಿರುತ್ತದೆ. ಇದನ್ನು ಸಹಭಾಗಿತ್ವ ಎಂದು ಕರೆಯುವುದನ್ನು ನಿಲ್ಲಿಸೋಣ. ಇದು ಬಿಟ್ಟಿ ದುಡಿಮೆ.

‘ಮಠಕ್ಕೆ ಚಳವಳಿಯ ಗೊಡವೆ ಏಕೆ?’ ಎಂದು ಕೇಳುವ ಹಿರಿಯರು ಇನ್ನೂ ಇದ್ದಾರೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದವರು ಎಂಬುದನ್ನು ಅವರು ಮರೆತಿದ್ದಾರೆ. ಹನ್ನೆರಡನೆಯ ಶತಮಾನ ದೂರವಾಯಿತು ಎನ್ನುವುದಾದರೆ ಪಕ್ಕದ ಜಿಲ್ಲೆಗಳನ್ನೇ ನೋಡಲಿ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಹೊಲಗಳಿಗೆ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದೆಂದಾಗ ರೈತರ ಮುಂದೆ ನಿಂತವರು ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು. ಕಾರ್ಖಾನೆ ಬರಲಿಲ್ಲ. 2017ರಲ್ಲಿ ಕಪ್ಪತಗುಡ್ಡದ ರಕ್ಷಣೆಗಾಗಿ ಅದೇ ಪೂಜ್ಯರು ಪರಿಸರ ಹೋರಾಟಗಾರರೊಂದಿಗೆ ಧರಣಿ ಕುಳಿತರು. ಸರ್ಕಾರ ಕೈಬಿಟ್ಟಿದ್ದ ಸಂರಕ್ಷಿತ ಪ್ರದೇಶದ ಸ್ಥಾನ ಗುಡ್ಡಕ್ಕೆ ಮರಳಿತು. ನಮ್ಮ ಹೊಳೆಯಾಚೆಯ ಕೊಪ್ಪಳದಲ್ಲಿ 2019ರಲ್ಲಿ ಗವಿಮಠದ ಸ್ವಾಮಿಗಳು ಜನರೊಂದಿಗೆ ಹಿರೇಹಳ್ಳಕ್ಕೆ ಇಳಿದು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ ಹೂಳು, ಕಸ ತೆಗೆಸಿದರು. 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆಯ ವಿರುದ್ಧ ಕೊಪ್ಪಳ ಬಂದ್ ಆದಾಗ ಅದೇ ಪೂಜ್ಯರು ಬೀದಿಯಲ್ಲಿದ್ದರು.

ಈ ಕಡೆಗಳಲ್ಲಿ ಕೆಲಸ ಕೈಗೂಡಿದ್ದು ಏಕೆ? ಹೋರಾಟಗಾರರ ಕೈಯಲ್ಲಿ ನಕ್ಷೆ, ಆದೇಶದ ಪ್ರತಿ, ಸರ್ವೆ ನಂಬರು ಇದ್ದವು. ಮಠದ ಹತ್ತಿರ ಜನರ ನಂಬಿಕೆ ಇತ್ತು. ಬರಿಯ ಕಾಗದಕ್ಕೆ ಅಧಿಕಾರಿ ಹೆದರುವುದಿಲ್ಲ, ಬರಿಯ ಭಕ್ತಿಗೆ ಉತ್ತರ ಕೊಡುವುದಿಲ್ಲ. ಎರಡೂ ಕೂಡಿ ಬಂದಾಗ ಕಡತ ಚಲಿಸುತ್ತದೆ. ಸರ್ಕಾರಿ ಎಂಜಿನಿಯರಾಗಿ ಮೇಜಿನ ಆ ಬದಿಯಲ್ಲಿ ಕುಳಿತಿದ್ದವನು ನಾನು. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಈಗ ನಮ್ಮ ಭಾಗಕ್ಕೆ ಬನ್ನಿ. ಮೆಟ್ರಿ, ಕಂಪ್ಲಿ, ಸಂಡೂರು, ಹೊಸಪೇಟೆಯ ಜನರಿಗೆ ಗಣಿಯ ಕಥೆ ಹೇಳಬೇಕಾಗಿಲ್ಲ. 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತು. ಆ ದಾವೆ ಹೂಡಿದ್ದು ಸಮಾಜ ಪರಿವರ್ತನ ಸಮುದಾಯ. ರಸ್ತೆಗಳ ಮೇಲೆ ಲಾರಿಗಳ ಸಾಲು ಮುಗಿಯದಿದ್ದ ಆ ವರ್ಷಗಳಲ್ಲಿ ನಮ್ಮ ಎಷ್ಟು ಪ್ರವಚನಗಳಲ್ಲಿ ಗಣಿಯ ಮಾತು ಬಂತು? ಬರಲಿಲ್ಲವಾದರೆ ಕಾರಣವೇನು? ಕಾರಣ ಕಠಿಣವಾದುದೇನಲ್ಲ. ಕಮಾನು, ಕಲ್ಯಾಣ ಮಂಟಪ, ಬೆಳ್ಳಿಯ ಪಲ್ಲಕ್ಕಿಗೆ ದುಡ್ಡು ಕೊಟ್ಟ ದಾನಿಯ ಎದುರು ಬಾಯಿ ಬರುವುದಿಲ್ಲ.

ಇಲ್ಲಿಯೇ ಆಯ್ದಕ್ಕಿ ಲಕ್ಕಮ್ಮನವರನ್ನು ನೆನೆಯಬೇಕು. ಮಾರಯ್ಯನವರು ಬಸವಣ್ಣನವರ ಅಂಗಳದಿಂದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಕಳಿಸಿದರು. ಬಸವಣ್ಣನವರ ಮನೆಯ ಅಕ್ಕಿಯನ್ನೇ ಹಿಂದಿರುಗಿಸಿದ ಪರಂಪರೆ ನಮ್ಮದು. ಅಂಥವರ ವಾರಸುದಾರರು ಗಣಿ ಧಣಿಯ ಚೆಕ್ಕನ್ನು ಹಿಂದಿರುಗಿಸಲು ಹಿಂಜರಿದರೆ ಹೇಗೆ? ದಾನಿಯನ್ನು ಕಳೆದುಕೊಳ್ಳಲು ಸಿದ್ಧವಿಲ್ಲದ ಮಠ ಯುವಕರನ್ನು ಕರೆಯದಿರುವುದೇ ಲೇಸು. ಅವರು ಮೊದಲು ಕೇಳುವ ಪ್ರಶ್ನೆಯೇ ಆ ದಾನಿಯದು.

ಯುವಕರಿಗೂ ಎರಡು ಮಾತು. ಮಠವೆಂದರೆ ಮೂಢನಂಬಿಕೆ ಎಂದು ಮೂಗು ಮುರಿಯುವವರೇ ಧರಣಿಯ ದಿನ ಜನ ಸೇರಿಸಿ ಕೊಡಿರೆಂದು ಬಾಗಿಲಿಗೆ ಬರುತ್ತಾರೆ. ಮಠವು ತಲೆ ಲೆಕ್ಕದ ಗೋದಾಮಲ್ಲ. ಅಲ್ಲಿ ಕುಳಿತ ಅಜ್ಜಿಯ ಭಕ್ತಿಯನ್ನು ಗೌರವಿಸಿ, ಆಮೇಲೆ ಆಕೆಯ ಮೊಮ್ಮಗಳ ಮದುವೆಯ ವಯಸ್ಸು ಕೇಳಿ. ಆಗ ಮಾತು ನಾಟುತ್ತದೆ. ‘ಮಠಗಳಲ್ಲಿ ಜಾತಿ ಇದೆ’ ಎಂಬ ನಿಮ್ಮ ಆಕ್ಷೇಪ ಮಾತ್ರ ನಿಜ. ಹರಳಯ್ಯ, ಮಧುವರಸರ ಹೆಸರು ಹೇಳುವ ನಾವು ಸಮಿತಿ ರಚಿಸುವಾಗ ನಮ್ಮವರನ್ನೇ ಹುಡುಕುತ್ತೇವೆ. ಕೇರಿಯ ಹುಡುಗರಿಲ್ಲದ ಸಮಿತಿ ಅನುಭವ ಮಂಟಪವಾಗದು, ಜಾತಿ ಸಂಘವಾದೀತು.

ಇನ್ನೊಂದು ಅಪಾಯವಿದೆ. ನಮ್ಮಲ್ಲಿ ಒಳ್ಳೆಯ ಕೆಲಸವೆಲ್ಲ ಒಬ್ಬ ಪೂಜ್ಯರ ಹೆಗಲ ಮೇಲೆ ನಿಂತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ಸರಪಳಿ ತುಂಡಾಗಿ. ಕಟ್ಟುವುದಕ್ಕೆ ಎಲ್ಲರೂ ಇರುತ್ತಾರೆ, ಉದ್ಘಾಟನೆಯ ಕಲ್ಲಿನಲ್ಲಿ ಹೆಸರಿರುತ್ತದೆ. ಪ್ರತಿ ವರ್ಷ ಸರಪಳಿ ಪರೀಕ್ಷಿಸುವವನಿಗೆ ಯಾವ ಕಲ್ಲೂ ಇಲ್ಲ. ಹೂಳೆತ್ತಿದ ಕೆರೆಗೂ ಇದೇ ಗತಿ. ಎರಡು ಮಳೆಗಾಲ ಯಾರೂ ಕಾಯದಿದ್ದರೆ ಜಾಲಿ ಬೆಳೆಯುತ್ತದೆ, ಒತ್ತುವರಿ ಮರಳುತ್ತದೆ. ಆದ್ದರಿಂದ ಹೊಣೆಯನ್ನು ವ್ಯಕ್ತಿಗೆ ಬಿಡದೆ ವ್ಯವಸ್ಥೆಗೆ ಒಪ್ಪಿಸಬೇಕು.

ನಮ್ಮ ಭಾಗದ ಮಠಗಳ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಒಂದು, ಮಠದ ಆಡಳಿತ ಸಮಿತಿಯಲ್ಲಿ ಮೂವತ್ತೈದರೊಳಗಿನ ಯುವಕ ಯುವತಿಯರಿಗೆ ಮತ ಹಾಕುವ ಹಕ್ಕಿನೊಂದಿಗೆ ಸ್ಥಾನ, ಮತ್ತು ಮಠದ ಜಮಾ ಖರ್ಚು ದಾನಿಗಳ ಹೆಸರಿನೊಂದಿಗೆ ಗೋಡೆಯ ಮೇಲೆ. ಎರಡು, ಸಾಮೂಹಿಕ ವಿವಾಹದ ಹೆಸರು ನೋಂದಣಿಯನ್ನು ಈ ಯುವಕರಿಗೇ ವಹಿಸುವುದು. ಹೆಣ್ಣಿಗೆ 18, ಗಂಡಿಗೆ 21 ತುಂಬಿದ ದಾಖಲೆ ಇಲ್ಲದೆ ಮಠದಲ್ಲಿ ತಾಳಿ ಕಟ್ಟಿಸಬಾರದು, ಶಿಫಾರಸು ಯಾರದೇ ಇರಲಿ. ಮೂರು, ಗಣಿಬಾಧಿತ ಊರುಗಳಿಗೆಂದೇ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲಿ ತಮ್ಮ ಊರಿಗೆ ಬಂದದ್ದೆಷ್ಟು, ಕಾಮಗಾರಿ ಆದದ್ದೆಷ್ಟು ಎಂದು ಯುವಕರು ಸ್ಥಳಕ್ಕೆ ಹೋಗಿ ಅಳೆದು ಬರಲಿ. ಆ ವರದಿಯನ್ನು ಶ್ರಾವಣದ ಪ್ರವಚನದಲ್ಲಿ, ಅಧಿಕಾರಿಗಳನ್ನು ಕೂರಿಸಿಕೊಂಡು, ಪೂಜ್ಯರ ಸಮ್ಮುಖದಲ್ಲಿ ಓದಲಿ. ಅಳತೆ ಪುಸ್ತಕ ಓದುವುದನ್ನು ಕಲಿಸಲು ನನ್ನಂಥ ನಿವೃತ್ತರು ಪ್ರತಿ ತಾಲೂಕಿನಲ್ಲಿದ್ದಾರೆ. ಇದಕ್ಕೆ ಸಂಭಾವನೆ ಬೇಡ, ಶಾಲೂ ಬೇಡ.

ಈ ಮೂರಕ್ಕೂ ಒಂದು ರೂಪಾಯಿ ಹೆಚ್ಚು ಖರ್ಚಿಲ್ಲ. ಖರ್ಚಿಲ್ಲದ ಕೆಲಸಕ್ಕೂ ಮಠ ಹಿಂಜರಿದರೆ ಅಡ್ಡಿಯಾಗಿರುವುದು ಬಡತನವಲ್ಲ, ಮುಲಾಜು ಎಂದು ಭಕ್ತರು ತಿಳಿಯಬೇಕು. ಮುಂದಿನ ಬಸವ ಜಯಂತಿಯ ಆಮಂತ್ರಣ ಪತ್ರಿಕೆ ಅಚ್ಚಾಗುವ ಮುನ್ನ ನಿಮ್ಮ ಮಠದಲ್ಲಿ ಇದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.